ಎಷ್ಟು ಅಡಿಕೆ ಮರ ಅಳೆದರೆ ಸಾಕು?

ಕಾಲೇಜುಗಳಲ್ಲಿ ಪ್ರಾಜೆಕ್ಟಿನ ಸಮಯ ಬಂತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮಕ್ಕಳು ಆರಿಸಿಕೊಳ್ಳುವ ವಿಷಯಗಳಲ್ಲಿ ಅಡಿಕೆ ಇದ್ದೇ ಇರುತ್ತದೆ. ಮನೆಯ ಹಿಂದೆಯೇ ತೋಟ, ಸಂಶಯ ಬಂದರೆ ಕೇಳಲು ಕೂಡ್ಲಿನಲ್ಲಿ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ. ಹಟ್ಟಿಗೊಬ್ಬರ ಮಾತ್ರ ಹಾಕಿದ ಮರಕ್ಕೂ, ಅದರ ಜತೆ ರಸಗೊಬ್ಬರವನ್ನೂ ಹಾಕಿದ ಮರಕ್ಕೂ ಫಸಲಿನಲ್ಲಿ ವ್ಯತ್ಯಾಸ ಇದೆಯೇ? ಪ್ರಶ್ನೆ ಚೆನ್ನಾಗಿಯೇ ಇದೆ. ತೊಡಕು ಶುರುವಾಗುವುದು ಮುಂದಿನ ಪ್ರಶ್ನೆಯಿಂದ: ಎಷ್ಟು ಮರ ಬೇಕು? ಹೆಚ್ಚಿನವರು ‘ಮೂವತ್ತಿದ್ದರೆ ಸಾಕಂತೆ’ ಎಂದು ಯಾರೋ ಹೇಳಿದ್ದನ್ನು ನಂಬಿ ಹೊರಡುತ್ತಾರೆ. ಆ ಮೂವತ್ತಕ್ಕೂ ಈ ತೋಟಕ್ಕೂ ಸಂಬಂಧವೇ ಇಲ್ಲ.

ಅದರಲ್ಲೂ ಇಲ್ಲಿ ಅಳೆಯುವುದು ಒಂದನ್ನಲ್ಲ. ಒಂದು ಮರದಲ್ಲಿ ವರ್ಷಕ್ಕೆ ಎಷ್ಟು ಅಡಿಕೆ ಬಂತು ಎಂಬುದು ಒಂದು ಅಳತೆ, ಒಣಗಿಸಿ ಸುಲಿದ ಮೇಲೆ ಒಂದು ಚಾಲಿಯ ತೂಕ ಎಷ್ಟು ಎಂಬುದು ಇನ್ನೊಂದು. ಎರಡಕ್ಕೂ ಬೇರೆ ಬೇರೆಯಾಗಿ ಟಿ-ಪರೀಕ್ಷೆ (ಎರಡು ಗುಂಪುಗಳ ಸರಾಸರಿಯ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ನೋಡುವ ಲೆಕ್ಕ) ಮಾಡಿದರೆ, ಪ್ರತಿಯೊಂದಕ್ಕೂ 5 ಶೇಕಡಾ ತಪ್ಪಿಗೆ ಅವಕಾಶ ಕೊಟ್ಟಂತೆ; ಒಟ್ಟು ಸೇರಿ ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಅಪಾಯ ಸುಮಾರು 10 ಶೇಕಡಾದವರೆಗೆ ಏರುತ್ತದೆ. ಎರಡೂ ಸರಾಸರಿಗಳನ್ನು ಜೋಡಿಯಾಗಿ ಒಂದೇ ಸಲ ಪರೀಕ್ಷಿಸುವ ದಾರಿಯನ್ನು 1931ರಲ್ಲಿ ಹೆರಾಲ್ಡ್ ಹೊಟೆಲಿಂಗ್ ತೋರಿಸಿಕೊಟ್ಟರು. ಅದೇ ಹೊಟೆಲಿಂಗ್ ಟಿ² ಪರೀಕ್ಷೆ. ಅದಕ್ಕೆ ಮರಗಳ ಲೆಕ್ಕ ಹಾಕುವುದು ಹೇಗೆಂದು ಇಲ್ಲಿ ಒಂದೊಂದಾಗಿ ನೋಡೋಣ. ಕೆಳಗಿನ ತೋಟದ ಅಂಕೆಗಳು ಲೆಕ್ಕ ತೋರಿಸಲೆಂದು ಇಟ್ಟುಕೊಂಡವು. ನಿಮ್ಮ ತೋಟದ ಅಂಕೆ ನೀವೇ ಹಾಕಿಕೊಳ್ಳಬೇಕು.

ಮೊದಲು, ‘ಒಂದು’ ಎಂದರೆ ಯಾವುದು?

ಫಾರ್ಮುಲಾ ಮುಟ್ಟುವ ಮೊದಲು ಇದು ಇತ್ಯರ್ಥವಾಗಬೇಕು. ನಲವತ್ತು ಮರದಿಂದ ಇಪ್ಪತ್ತಿಪ್ಪತ್ತು ಅಡಿಕೆ ತೂಗಿ, ‘ನನ್ನ ಹತ್ತಿರ 800 ಮಾದರಿ ಇದೆ’ ಎನ್ನುವವರು ಬಹಳ. ಒಂದೇ ಮರದ ಅಡಿಕೆಗಳು ಒಂದನ್ನೊಂದು ಹೋಲುತ್ತವೆ. ಇಪ್ಪತ್ತು ತೂಗಿದರೂ ಇಪ್ಪತ್ತರಷ್ಟು ಹೊಸ ಸುದ್ದಿ ಸಿಗುವುದಿಲ್ಲ. ಆ ಹೋಲಿಕೆಯ ಪ್ರಮಾಣ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಎಲ್ಲವೂ ಒಂದೇ) 0.5 ಎಂದಿಟ್ಟುಕೊಂಡರೆ, ಒಂದಕ್ಕೆ ಉಳಿದ 19ರ ಹೋಲಿಕೆಯನ್ನು ಕೂಡಿಸಿ: 1 + 19 × 0.5 = 10.5. ಇಪ್ಪತ್ತನ್ನು ಇದರಿಂದ ಭಾಗಿಸಿ: ಒಂದು ಮರದ ಇಪ್ಪತ್ತು ಅಡಿಕೆ ಕೊಡುವ ಮಾಹಿತಿ ಬಿಡಿಬಿಡಿಯಾದ ಎರಡು ಅಡಿಕೆಗಿಂತಲೂ ಕಡಿಮೆ. ಹಾಗಾಗಿ ಎಣಿಕೆಯಲ್ಲಿ ‘ಒಂದು’ ಎಂದರೆ ಒಂದು ಮರ. ಅಡಿಕೆಗಳನ್ನು ತೂಗಿ, ಆ ಮರಕ್ಕೆ ಒಂದು ಸರಾಸರಿ ಬರೆದುಕೊಂಡರೆ ಮುಗಿಯಿತು.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ಪೆರ್ಲದ ಒಂದು ತೋಟಕ್ಕೆ ಹಟ್ಟಿಗೊಬ್ಬರ, ಮುಳ್ಳೇರಿಯದ ಇನ್ನೊಂದಕ್ಕೆ ರಸಗೊಬ್ಬರ. ಎರಡರಿಂದಲೂ ನೂರು ನೂರು ಮರ. ಇಲ್ಲಿ ಹೋಲಿಕೆಯಾಗುತ್ತಿರುವುದು ನಿಜಕ್ಕೂ ಎರಡು ತೋಟ. ವ್ಯತ್ಯಾಸ ಕಂಡರೆ ಅದು ಗೊಬ್ಬರದ್ದೋ, ಮಣ್ಣಿನದ್ದೋ, ನೀರಿನದ್ದೋ, ಮರದ ಪ್ರಾಯದ್ದೋ ಹೇಳಲು ಬರುವುದಿಲ್ಲ. ಸಾವಿರ ಮರ ಅಳೆದರೂ ಅದು ಬಗೆಹರಿಯದು. ಒಂದೇ ತೋಟದಲ್ಲಿ, ಒಂದೇ ಪ್ರಾಯದ ಮರಗಳಿಗೆ ನಂಬರ್ ಹಾಕಿ, ಚೀಟಿ ಎತ್ತಿ ಯಾವುದಕ್ಕೆ ಯಾವ ಗೊಬ್ಬರ ಎಂದು ನಿರ್ಧರಿಸಿ. ಪಕ್ಕದ ಮರದ ಬೇರು ಗೊಬ್ಬರ ಕದಿಯದಂತೆ ನಡುವೆ ಒಂದೊಂದು ಮರ ಬಿಡುವುದೂ ಒಳ್ಳೆಯದು.

ಎಷ್ಟು ವ್ಯತ್ಯಾಸಕ್ಕೆ ಬೆಲೆ ಇದೆ?

ಇದನ್ನು ಕಂಪ್ಯೂಟರ್ ಹೇಳುವುದಿಲ್ಲ, ಕೃಷಿಕ ಹೇಳಬೇಕು. ರಸಗೊಬ್ಬರದ ಖರ್ಚು, ಕೂಲಿ ಕಳೆದು ಲಾಭ ಉಳಿಯಬೇಕಾದರೆ ಮರವೊಂದಕ್ಕೆ ಕನಿಷ್ಠ 40 ಅಡಿಕೆ ಹೆಚ್ಚು ಬರಬೇಕು, ಚಾಲಿ ಅರ್ಧ ಗ್ರಾಂ ಹೆಚ್ಚು ತೂಗಬೇಕು ಎಂದು ಅಪ್ಪ ಲೆಕ್ಕ ಹೇಳಿದರೆನ್ನೋಣ. ಅದೇ ನಮ್ಮ ಗುರಿ. ಮರದಿಂದ ಮರಕ್ಕೆ ಅಡಿಕೆಯ ಸಂಖ್ಯೆಯ ಮಾನಕ ವಿಚಲನೆ (ಸರಾಸರಿಯಿಂದ ಅಂಕೆಗಳು ಆಚೀಚೆ ಹರಡಿರುವ ಅಳತೆ) 80, ತೂಕದ ಮಾನಕ ವಿಚಲನೆ 1 ಗ್ರಾಂ ಇದ್ದರೆ, ಎರಡೂ ವ್ಯತ್ಯಾಸಗಳು ಆಯಾ ವಿಚಲನೆಯ ಅರ್ಧ: 0.5 ಮತ್ತು 0.5. ಪುಸ್ತಕಗಳಲ್ಲಿ ಜೇಕಬ್ ಕೊಹೆನ್ ಹೇಳಿದ 0.2 ಸಣ್ಣದು, 0.5 ಮಧ್ಯಮ, 0.8 ದೊಡ್ಡದು ಎಂಬ ಅಳತೆಗೋಲು ಸಿಗುತ್ತದೆ. ಬೇರೆ ದಾರಿಯೇ ಇಲ್ಲದಾಗ ಅದಕ್ಕೆ ಮೊರೆಹೋಗಬಹುದು. ಅಂಗಳದಲ್ಲೇ ಲೆಕ್ಕ ಹೇಳುವವರು ಇರುವಾಗ ಅದು ಯಾಕೆ ಬೇಕು?

ಎರಡು ಅಳತೆಗಳ ನಂಟು

ಈಗ ಈ ಲೆಕ್ಕದ ಜೀವಾಳ. ಎರಡೂ ಅಳತೆಯಲ್ಲಿ ಅರ್ಧರ್ಧ ವ್ಯತ್ಯಾಸ ಇದೆ. ಒಟ್ಟು ವ್ಯತ್ಯಾಸ ಎಷ್ಟು? ಅದು ಎರಡು ಅಳತೆಗಳ ಸಹಸಂಬಂಧವನ್ನು, ಅಂದರೆ ಒಂದು ಏರಿದಾಗ ಇನ್ನೊಂದು ಎಷ್ಟರ ಮಟ್ಟಿಗೆ ಏರುತ್ತದೆ ಅಥವಾ ಇಳಿಯುತ್ತದೆ ಎಂದು −1ರಿಂದ 1ರೊಳಗೆ ಹೇಳುವ ಅಂಕೆಯನ್ನು, ಹೊಂದಿಕೊಂಡಿದೆ. ಗುಡ್ಡದ ತೋಟದಲ್ಲಿ ತಟ್ಟಿನ ಉದ್ದಕ್ಕೆ ಹತ್ತು ಹೆಜ್ಜೆ ಹಾಕುವುದಕ್ಕೂ, ಏರಿಗೆ ಹತ್ತು ಹೆಜ್ಜೆ ಹಾಕುವುದಕ್ಕೂ ವ್ಯತ್ಯಾಸ ಇದೆಯಲ್ಲ, ಹಾಗೆ. ಮರಗಳು ಸಹಜವಾಗಿಯೇ ಹರಡಿಕೊಂಡ ದಿಕ್ಕಿನಲ್ಲಿ ಸ್ವಲ್ಪ ಸರಿದರೆ ಅದು ಎದ್ದು ಕಾಣುವುದಿಲ್ಲ. ಅವು ಹರಡದ ದಿಕ್ಕಿನಲ್ಲಿ ಅಷ್ಟೇ ಸರಿದರೆ ತಟ್ಟನೆ ಕಾಣುತ್ತದೆ. ಈ ದೂರವನ್ನು ಅಳೆಯುವ ಸೂತ್ರ ಕೊಟ್ಟವರು ಕಲ್ಕತ್ತೆಯ ಪಿ.ಸಿ. ಮಹಲನೋಬಿಸ್, 1936ರ ಅವರ ಲೇಖನದಿಂದ ಅದಕ್ಕೆ ಮಹಲನೋಬಿಸ್ ದೂರ, ಗುರುತಿಗೆ ಡಿ², ಎಂದು ಹೆಸರು.

ಎರಡೇ ಅಳತೆ ಇದ್ದಾಗ ಡಿ²ವನ್ನು ಕೈಯಲ್ಲೇ ಮಾಡಬಹುದು. ಎರಡು ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿ. ಅದರಿಂದ ಸಹಸಂಬಂಧ, ಮೊದಲ ವ್ಯತ್ಯಾಸ, ಎರಡನೆಯ ವ್ಯತ್ಯಾಸ ಇವುಗಳ ಗುಣಲಬ್ಧದ ಎರಡರಷ್ಟನ್ನು ಕಳೆಯಿರಿ. ಬಂದದ್ದನ್ನು, ಒಂದರಿಂದ ಸಹಸಂಬಂಧದ ವರ್ಗ ಕಳೆದದ್ದರಿಂದ ಭಾಗಿಸಿ.

ಸಹಸಂಬಂಧ ಸೊನ್ನೆ: (0.25 + 0.25) ÷ 1 = 0.5.
ಸಹಸಂಬಂಧ 0.6: (0.5 − 0.3) ÷ 0.64 = 0.3125.
ಸಹಸಂಬಂಧ −0.6: (0.5 + 0.3) ÷ 0.64 = 1.25.

ವ್ಯತ್ಯಾಸಗಳು ಅವೇ, ಡಿ² ಮಾತ್ರ ನಾಲ್ಕು ಪಟ್ಟಿನವರೆಗೆ ಹಿಗ್ಗಿತು. ಕಾಯಿ ತುಂಬ ಹಿಡಿದ ಮರದಲ್ಲಿ ಕಾಯಿ ಸಣ್ಣದಾಗಿದ್ದರೆ ಸಹಸಂಬಂಧ ಋಣ. ಅಂಥ ತೋಟದಲ್ಲಿ ಕಾಯಿಯೂ ಹೆಚ್ಚಾಗಿ ತೂಕವೂ ಏರಿತೆಂದರೆ ಅದು ಮರಗಳ ಸಹಜ ಸ್ವಭಾವಕ್ಕೆ ವಿರುದ್ಧವಾದ ಬದಲಾವಣೆ. ಅದನ್ನು ಹಿಡಿಯಲು ಕಡಿಮೆ ಮರ ಸಾಕು. ಒಳ್ಳೆಯ ಮರದಲ್ಲಿ ಎರಡೂ ಚೆನ್ನಾಗಿದ್ದು, ಸೊರಗಿದ ಮರದಲ್ಲಿ ಎರಡೂ ಕಳಪೆಯಾಗಿದ್ದರೆ ಸಹಸಂಬಂಧ ಧನ. ಆಗ ಮರ ಹೆಚ್ಚು ಬೇಕು. ಮರದ ಎಣಿಕೆ ಕೇಳುವ ಮೊದಲು ಈ ಅಂಕೆ ಕೇಳಿ ಎನ್ನುವುದು ಅದಕ್ಕೇ.

ಮರಗಳ ಎಣಿಕೆ

ಪವರ್ ಎಂದರೆ, ನಾವು ಗುರಿಯಿಟ್ಟ ವ್ಯತ್ಯಾಸ ನಿಜಕ್ಕೂ ಇದ್ದರೆ ಪರೀಕ್ಷೆ ಅದನ್ನು ಹಿಡಿಯುವ ಸಂಭವ. 80 ಶೇಕಡಾ ಎಂದು ಇಟ್ಟುಕೊಳ್ಳುವುದು ರೂಢಿ. 5 ಶೇಕಡಾ ತಪ್ಪಿಗೆ ಅವಕಾಶ, 80 ಶೇಕಡಾ ಪವರ್ ಇದ್ದಾಗ ಬೇಕಾಗುವ ಲ್ಯಾಂಬ್ಡಾ ಎಂಬ ಅಂಕೆ ಹೀಗಿದೆ: ಒಂದು ಅಳತೆಗೆ 7.85, ಎರಡಕ್ಕೆ 9.63, ಮೂರಕ್ಕೆ 10.90, ನಾಲ್ಕಕ್ಕೆ 11.94, ಐದಕ್ಕೆ 12.83. ಒಂದು ಗುಂಪಿಗೆ ಬೇಕಾದ ಮರ ಎಂದರೆ ಲ್ಯಾಂಬ್ಡಾದ ಎರಡರಷ್ಟನ್ನು ಡಿ²ದಿಂದ ಭಾಗಿಸಿದಷ್ಟು.

ಸಹಸಂಬಂಧ ಸೊನ್ನೆಯಾದರೆ 19.26 ÷ 0.5, ಅಂದರೆ 39 ಮರ. 0.6 ಆದರೆ 62. −0.6 ಆದರೆ 16. ಇದು ಸ್ವಲ್ಪ ಕೈ ಬಿಗಿಹಿಡಿದ ಲೆಕ್ಕ, ಏಕೆಂದರೆ ವಿಚಲನೆಗಳನ್ನೂ ಅದೇ ಮರಗಳಿಂದ ಅಂದಾಜು ಮಾಡಬೇಕಾಗುತ್ತದೆ. ಆ ಅಂದಾಜಿನ ಅನಿಶ್ಚಿತತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಎಫ್ ವಿತರಣೆಯಿಂದ ಸರಿಪಡಿಸಿದರೆ ಒಂದೆರಡು ಮರ ಏರುತ್ತದೆ: ಕ್ರಮವಾಗಿ ಸುಮಾರು 41, 64, 17–18. ಪವರ್ 90 ಶೇಕಡಾ ಬೇಕೆಂದರೆ ಎರಡು ಅಳತೆಗೆ ಲ್ಯಾಂಬ್ಡಾ 12.65, 39 ಇದ್ದದ್ದು 51 ಆಗುತ್ತದೆ.

ಆ 64ನ್ನು ಇನ್ನೊಮ್ಮೆ ನೋಡಿ. ಅಡಿಕೆಯ ಸಂಖ್ಯೆಯೊಂದನ್ನೇ ಅಳೆದು ಸಾದಾ ಟಿ-ಪರೀಕ್ಷೆ ಮಾಡಿದ್ದರೂ 0.5 ವ್ಯತ್ಯಾಸಕ್ಕೆ ಬೇಕಾದದ್ದು ಗುಂಪಿಗೆ 64 ಮರವೇ. ತಿಂಗಳ ಮೇಲೆ ಅಂಗಳದಲ್ಲಿ ಒಣಗಿಸಿ, ಸುಲಿದು, ತೂಗಿ ಪಟ್ಟ ಪಾಡಿಗೆ ಒಂದು ಮರವೂ ಉಳಿಯಲಿಲ್ಲ! ವ್ಯತ್ಯಾಸವೇ ಇಲ್ಲದ, ನಂಟೂ ಇಲ್ಲದ ಅಳತೆ ಸೇರಿಸಿದರಂತೂ ಕೈಯಿಂದಲೇ ನಷ್ಟ: 64 ಹೋಗಿ ಸುಮಾರು 79. ಅಂಥವು ನಾಲ್ಕು ಸೇರಿದರೆ ನೂರು ದಾಟುತ್ತದೆ. ‘ಇರಲಿ ಬಿಡಿ’ ಎಂದು ಎಲೆಯ ಉದ್ದ, ಕಾಂಡದ ಸುತ್ತಳತೆ, ಸೋಗೆಯ ಲೆಕ್ಕ ಎಲ್ಲ ಸೇರಿಸುವವರು ಇದನ್ನು ಗಮನಿಸಬೇಕು.

ಇದಕ್ಕೆ ಒಂದು ಅಪವಾದವೂ ಉಂಟು. ವ್ಯತ್ಯಾಸವಿಲ್ಲದಿದ್ದರೂ ಮೊದಲ ಅಳತೆಯೊಡನೆ 0.6 ನಂಟಿರುವ ಎರಡನೆಯ ಅಳತೆ ಸೇರಿಸಿದರೆ ಡಿ² 0.25ರಿಂದ 0.39ಕ್ಕೆ ಏರುತ್ತದೆ, ಐವತ್ತರ ಆಸುಪಾಸು ಮರ ಸಾಕಾಗುತ್ತದೆ. ಗೊಬ್ಬರ ಹಾಕುವ ಮೊದಲಿನ ವರ್ಷದ ಫಸಲು ಅಂಥದ್ದು. ಹೊಸ ಅಳತೆ ಸೇರಿಸಿದ್ದರಿಂದ ನಿಜವಾಗಿ ಹೆಚ್ಚಿನ ಮಾಹಿತಿ ಬಂತೇ ಎಂದು ಪರೀಕ್ಷಿಸುವ ವಿಧಾನ ಕೊಟ್ಟವರು ಸಿ.ಆರ್. ರಾವ್, 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ, ಮಹಲನೋಬಿಸರ ಗರಡಿಯಲ್ಲಿ ಪಳಗಿದ ಸಂಖ್ಯಾಶಾಸ್ತ್ರಜ್ಞ.

ಎರಡು ಗುಂಪುಗಳೂ ಸಮ ಇರಲಿ. ಎರಡು ಗುಂಪಿನ ಮರಗಳ ಗುಣಲಬ್ಧವನ್ನು ಒಟ್ಟು ಮರದಿಂದ ಭಾಗಿಸಿದರೆ ಬಲದ ಅಳತೆ ಸಿಗುತ್ತದೆ. 40 ಮತ್ತು 40 ಮರ ಇದ್ದರೆ 1600 ÷ 80 = 20; 20 ಮತ್ತು 60 ಆದರೆ 1200 ÷ 80 = 15. ಒಟ್ಟು ಮರ ಎಂಬತ್ತೇ, ಸಿಗುವ ಬಲ ಮುಕ್ಕಾಲು.

ಸಣ್ಣ ಪೂರ್ವಪರೀಕ್ಷೆಯ ಮೋಸ

ಸಹಸಂಬಂಧ ಎಲ್ಲಿಂದ ತರುವುದು? ತೋಟದ ಮೂವತ್ತು ನಲವತ್ತು ಮರಗಳ ಹಿಂದಿನ ವರ್ಷದ ಲೆಕ್ಕ ಸಿಕ್ಕಿದರೆ ಅದೇ ಉತ್ತಮ. ವಿಚಲನೆಗೂ ಸಹಸಂಬಂಧಕ್ಕೂ ಅದು ಸಾಕು. ಆದರೆ ಹತ್ತು ಹತ್ತು ಮರದ ಸಣ್ಣ ಪೂರ್ವಪರೀಕ್ಷೆ ಮಾಡಿ, ಅದರಲ್ಲಿ ಬಂದ ಡಿ²ವನ್ನೇ ಫಾರ್ಮುಲಾಕ್ಕೆ ಹಾಕಬೇಡಿ. ಸಣ್ಣ ಮಾದರಿಯ ಡಿ² ಸರಾಸರಿಯಲ್ಲಿ ಯಾವಾಗಲೂ ಉಬ್ಬಿಕೊಂಡೇ ಇರುತ್ತದೆ. ಇಪ್ಪತ್ತು ಮರ, ಎರಡು ಅಳತೆ, ಬಂದ ಡಿ² 1.0 ಎನ್ನಿ. ಒಟ್ಟು ಮರದಿಂದ ಅಳತೆಗಳ ಸಂಖ್ಯೆಯನ್ನೂ ಮತ್ತೆ ಮೂರನ್ನೂ ಕಳೆದರೆ 15. ಒಟ್ಟು ಮರದಿಂದ ಎರಡು ಕಳೆದರೆ 18. 1.0 × 15 ÷ 18 = 0.83. ಇದರಿಂದ ಇನ್ನೂ 2 × 20 ÷ 100 (ಅಳತೆಗಳ ಸಂಖ್ಯೆ × ಒಟ್ಟು ಮರ ÷ ಎರಡು ಗುಂಪಿನ ಮರಗಳ ಗುಣಲಬ್ಧ), ಅಂದರೆ 0.4 ಕಳೆಯಬೇಕು. ಉಳಿದದ್ದು 0.43. ಮೊದಲಿನ ಅಂಕೆಗೆ ಗುಂಪಿಗೆ 20 ಮರ ಸಾಕೆಂದು ಕಂಡದ್ದು ಈಗ 45 ಆಯಿತು. ಗುರಿಯ ವ್ಯತ್ಯಾಸವನ್ನು ಕೃಷಿಕನಿಂದಲೇ ಕೇಳಿ ಎಂದು ಹೇಳಿದ್ದರ ಹಿಂದೆ ಇದೂ ಇದೆ.

ಸಹಸಂಬಂಧ ಖಚಿತವಾಗಿ ಗೊತ್ತಿಲ್ಲದಿದ್ದರೆ ಎರಡು ಮೂರು ಬೆಲೆಗಳಿಗೆ ಲೆಕ್ಕ ಹಾಕಿ, ಹೆಚ್ಚು ಮರ ಕೇಳುವುದನ್ನು ಹಿಡಿಯಿರಿ.

ಕಂಪ್ಯೂಟರಿನಲ್ಲಿ ಸರಿನೋಡುವುದು

ಉಚಿತವಾಗಿ ಸಿಗುವ ಜಿ-ಪವರ್ ತಂತ್ರಾಂಶದಲ್ಲಿ ಹೊಟೆಲಿಂಗ್ ಟಿ²ಕ್ಕೆ ನೇರ ಆಯ್ಕೆ ಇದೆ. ನನ್ನ ಒಲವು ‘ಆರ್’ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದ ಕಡೆಗೆ. ಅಲ್ಲಿ ಊಹಿಸಿದ ಸರಾಸರಿ, ವಿಚಲನೆ, ಸಹಸಂಬಂಧ ಕೊಟ್ಟು 41 ಮತ್ತು 41 ಸುಳ್ಳು ಮರಗಳನ್ನು ಹುಟ್ಟಿಸಿ, ಪರೀಕ್ಷೆ ಮಾಡಿ, ಇದನ್ನು 5000 ಸಲ ತಿರುಗಿಸಿ. ಎಷ್ಟು ಸಲ ವ್ಯತ್ಯಾಸ ಸಿಕ್ಕಿತೋ ಆ ಪಾಲೇ ಪವರ್. ಉತ್ತರ ಒಂದು ಶೇಕಡಾ ಆಚೀಚೆ ಆಗಬಹುದು, ಅಷ್ಟೆ. ಇದರ ದೊಡ್ಡ ಅನುಕೂಲವೆಂದರೆ, ಅಡಿಕೆಯ ಸಂಖ್ಯೆ ಗಂಟೆಯಾಕಾರದಲ್ಲಿ ಹರಡದೆ ಒಂದು ಕಡೆಗೆ ವಾಲಿದ್ದರೆ ಹಾಗೆಯೇ ಹುಟ್ಟಿಸಿ ನೋಡಬಹುದು.

ಕೊನೆಗೆ ನಷ್ಟದ ಲೆಕ್ಕ. ಮಳೆಗಾಲದಲ್ಲಿ ಮಹಾಳಿ (ಕೊಳೆರೋಗ) ಬಂದು ಕಾಯಿ ಉದುರಿದ ಮರ, ಗಾಳಿಗೆ ತುಂಡಾದ ಮರ, ದೋಟಿಯಲ್ಲಿ ಕೊಯ್ಯುವಾಗ ಗೊನೆ ಚೆಲ್ಲಾಪಿಲ್ಲಿಯಾಗಿ ಪಕ್ಕದ ಮರದ ಅಡಿಕೆಯೊಡನೆ ಬೆರೆತದ್ದು, ಅಂಗಳದಲ್ಲಿ ಚೀಟಿ ಹಾರಿಹೋದ ಚೀಲ. ಹೀಗೆ 15 ಶೇಕಡಾ ಕೈತಪ್ಪುತ್ತದೆ ಎಂದುಕೊಂಡರೆ 41 ÷ 0.85, ಗುಂಪಿಗೆ 49 ಮರ. ಕಾಂಡಕ್ಕೆ ಪೈಂಟಿನಲ್ಲಿ ನಂಬರ್ ಬರೆದು, ಒಂದೊಂದು ಮರದ ಅಡಿಕೆಯನ್ನು ಬೇರೆ ಬೇರೆ ಬಲೆಚೀಲದಲ್ಲಿ ಒಣಗಿಸಿದರೆ ಈ ಶೇಕಡಾವನ್ನು ಇಳಿಸಬಹುದು. ಮಹಾಳಿ ಒಂದು ಗೊಬ್ಬರದ ಗುಂಪಿಗೇ ಹೆಚ್ಚು ಬಡಿದರೆ ಮಾತ್ರ ಹೆಚ್ಚುವರಿ ಮರಗಳಿಂದ ಪರಿಹಾರವಿಲ್ಲ. ಆ ಮರಗಳನ್ನು ಬಿಟ್ಟುಬಿಡದೆ ಬಂದಷ್ಟು ಫಸಲನ್ನೇ ಬರೆಯಬೇಕು.

ವರದಿಯಲ್ಲಿ ಗುರಿಯಿಟ್ಟ ವ್ಯತ್ಯಾಸ, ಬಳಸಿದ ವಿಚಲನೆ, ಸಹಸಂಬಂಧ, ಅವನ್ನು ಎಲ್ಲಿಂದ ತೆಗೆದಿರಿ ಎಂಬುದನ್ನೆಲ್ಲ ಬರೆಯಿರಿ. ಫಲಿತಾಂಶ ಬಂದ ಮೇಲೆ, ಕಂಡ ವ್ಯತ್ಯಾಸವನ್ನೇ ಹಾಕಿ ‘ನಮ್ಮ ಪವರ್ ಇಷ್ಟಿತ್ತು’ ಎಂದು ಮತ್ತೆ ಲೆಕ್ಕ ಹಾಕಲು ಕೆಲವರು ಹೇಳುತ್ತಾರೆ. ಅದು ಪಿ-ಬೆಲೆಯನ್ನೇ (ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಅಂತರ ಕಾಣುವ ಸಂಭವ) ತಿರುಗಿಸಿ ಬರೆದದ್ದು, ಹೊಸದೇನನ್ನೂ ಹೇಳುವುದಿಲ್ಲ. ಅದರ ಜಾಗದಲ್ಲಿ ಎರಡು ವ್ಯತ್ಯಾಸಗಳ ವಿಶ್ವಾಸ ವಲಯವನ್ನು, ಅಂದರೆ ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿಯನ್ನು, ಚಿತ್ರ ಬಿಡಿಸಿ ತೋರಿಸಿ. 40 ಅಡಿಕೆ, ಅರ್ಧ ಗ್ರಾಂ ಎಂಬ ಬಿಂದು ಅದರ ಒಳಗಿದೆಯೋ ಹೊರಗಿದೆಯೋ ಎಂದು ಅಪ್ಪನೇ ನೋಡಿಕೊಳ್ಳುತ್ತಾರೆ.