ಮೇಲಿನ ಕವಲುಗಳು ಕಾಣುವವರೆಗೆ

ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವಾಗ ಎಲ್ಲರಿಗೂ ನಾನು ಕೊಲಾಂಜಿಯೋಗ್ರಾಮ್, ಅಂದರೆ ಪಿತ್ತನಾಳಗಳಿಗೆ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಬಿಟ್ಟು ನೋಡುವ ಎಕ್ಸ್‌ರೇ, ಮಾಡುವುದಿಲ್ಲ. ಲಿವರ್ ಟೆಸ್ಟ್ ಏರುಪೇರಾಗಿದ್ದರೆ, ಪಿತ್ತನಾಳ ಹಿಗ್ಗಿದ್ದರೆ, ಇಲ್ಲವೇ ಕಣ್ಣೆದುರಿನ ನಾಳ ಸಿಸ್ಟಿಕ್ ಡಕ್ಟ್ (ಪಿತ್ತಕೋಶವನ್ನು ಮುಖ್ಯ ಪಿತ್ತನಾಳಕ್ಕೆ ಜೋಡಿಸುವ ನಾಳ) ಹೌದೋ ಅಲ್ಲವೋ ಎಂಬ ಅನುಮಾನ ಬಂದರೆ ಬಿಡುವುದೂ ಇಲ್ಲ. ಅರ್ಜೆಂಟೀನಾದ ಸರ್ಜನ್ ಮಿರಿಝ್ಝಿ 1931ರಲ್ಲಿ ಶುರುಮಾಡಿದ ಈ ಪರೀಕ್ಷೆಗೆ ಇಂದಿಗೂ ಕೆಲಸವಿದೆ.

ಪಿತ್ತಕೋಶದ ಕಡೆಗೊಂದು ಕ್ಲಿಪ್ ಹಾಕಿ, ಅದರ ಕೆಳಗೆ ನಾಳದ ಮುಂಭಾಗದಲ್ಲಷ್ಟೇ ಸಣ್ಣ ಕಚ್ಚು ಕೊಡುತ್ತೇನೆ. ನಾಳವನ್ನು ಪೂರ್ತಿ ಕತ್ತರಿಸುವ ಮಾತೇ ಇಲ್ಲ; ಅದು ಸಿಸ್ಟಿಕ್ ಡಕ್ಟ್ ಅಲ್ಲ ಎಂದು ಚಿತ್ರ ಹೇಳಿದರೆ, ಕಚ್ಚನ್ನು ಸರಿಪಡಿಸುವುದು ತುಂಡಾದದ್ದನ್ನು ಜೋಡಿಸುವುದಕ್ಕಿಂತ ಎಷ್ಟೋ ಸುಲಭ. ಕಚ್ಚಿನ ಮೂಲಕ ತೂರಿಸಿದ ಕ್ಯಾತಿಟರ್ (ಸಣ್ಣ ಕೊಳವೆ) ನಾಳದೊಳಗಿನ ಸುರುಳಿ ಮಡಿಕೆಗಳಿಗೆ ತಾಗಿ ನಿಂತರೆ ಒತ್ತುವುದಿಲ್ಲ. ತುಸು ಹಿಂದೆಳೆದು, ತಿರುಗಿಸಿ, ಸಲೈನ್ ಬಿಡುತ್ತಾ ಮುಂದೆ ಸರಿಸುತ್ತೇನೆ.

ಸಿರಿಂಜಿನಿಂದ ಗಾಳಿ ಪೂರ್ತಿ ಹೊರಹಾಕುವುದರಲ್ಲಿ ನಾನು ಸ್ವಲ್ಪ ಅತಿರೇಕದವನೇ. ಗುಳ್ಳೆಯೊಂದು ಒಳಹೋದರೆ ಪರದೆಯ ಮೇಲೆ ಥೇಟ್ ಕಲ್ಲೇ. ಸಲೈನ್ ಸೇರಿಸಿ ತೆಳುವಾಗಿಸಿದ ಕಾಂಟ್ರಾಸ್ಟ್ ಬಳಸುತ್ತೇನೆ. ಗಾಢವಾದದ್ದು ಸಣ್ಣ ಕಲ್ಲನ್ನು ಮುಚ್ಚಿಬಿಡುತ್ತದೆ. ಲೋಹದ ಉಪಕರಣಗಳನ್ನು ಪಕ್ಕಕ್ಕೆ ಸರಿಸಿ, ಬೆನ್ನುಮೂಳೆಯ ನೆರಳು ನಾಳದ ಮೇಲೆ ಬೀಳದಂತೆ ಟೇಬಲ್ ವಾಲಿಸಿ, ಲೈವ್ ಆಗಿಯೇ ನೋಡುತ್ತೇನೆ.

ಹೆಚ್ಚಿನವರ ಕಣ್ಣು ನೇರ ಕೆಳಗೆ, ಕಲ್ಲಿನ ಹುಡುಕಾಟಕ್ಕೆ ಹೋಗುತ್ತದೆ. ನಾನು ಮೊದಲು ಮೇಲೆ, ಲಿವರ್ ಕಡೆಗೆ ನೋಡುತ್ತೇನೆ. ಎಡಗಡೆಯ ನಾಳ, ಬಲಗಡೆಯ ಮುಂದಿನ ಮತ್ತು ಹಿಂದಿನ ಕವಲು, ಮೂರೂ ತುಂಬಬೇಕು. ಬಲಗಡೆಯ ಹಿಂದಿನ ಕವಲು ಕೆಲವರಲ್ಲಿ ತೀರಾ ಕೆಳಗೆ ಬಂದು ಸೇರುತ್ತದೆ, ಸಿಸ್ಟಿಕ್ ಡಕ್ಟಿಗೇ ಸೇರುವುದೂ ಉಂಟು. ಚಿತ್ರದಲ್ಲಿ ಅದೊಂದೇ ಕಾಣೆಯಾದರೂ ಉಳಿದದ್ದು ಅಚ್ಚುಕಟ್ಟಾಗಿ ಕಾಣುವುದೇ ಅಪಾಯ.

ಕೆಳಗಿನದು ಅಷ್ಟು ತಲೆನೋವಲ್ಲ. ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೋಡಿನಮ್‌ಗೆ ಕಾಂಟ್ರಾಸ್ಟ್ ಇಳಿಯದಿದ್ದರೆ 1 ಮಿ.ಗ್ರಾಂ ಗ್ಲುಕಗಾನ್ ರಕ್ತನಾಳಕ್ಕೆ ಕೊಡಿಸಿ, ತುಸು ಕಾದು ಮತ್ತೆ ನೋಡುತ್ತೇನೆ. ಬಿಗಿದ ಸ್ಫಿಂಕ್ಟರ್ (ನಾಳದ ತುದಿಯ ಸ್ನಾಯುಬಳೆ) ಆಗಿದ್ದರೆ ಸಡಿಲಾಗುತ್ತದೆ. ಕಲ್ಲಾದರೆ ಅಂಚು ಅರ್ಧಚಂದ್ರದಂತೆ ಅಲ್ಲೇ ನಿಲ್ಲುತ್ತದೆ.

ಐಸಿಜಿ (ಇಂಡೊಸಯನೀನ್ ಗ್ರೀನ್ ಎಂಬ ಹೊಳೆಯುವ ಬಣ್ಣ) ಹಸಿರು ಬೆಳಕು ಈಗ ನಮ್ಮಲ್ಲೂ ಇದೆ, ಎಕ್ಸ್‌ರೇ ಬೇಡ, ಕಚ್ಚು ಬೇಡ. ಇಷ್ಟವೇ. ಆದರೆ ದಪ್ಪ ಕೊಬ್ಬಿನಡಿ ಅದು ಮಂಕು, ನಾಳದೊಳಗಿನ ಕಲ್ಲಿಗೆ ನೆಚ್ಚುವಂತಿಲ್ಲ.

ಮೇಲ್ಭಾಗ ತುಂಬದಿದ್ದಾಗ ತಲೆಭಾಗ ತಗ್ಗಿಸಿ ಮತ್ತೆ ಕಾಂಟ್ರಾಸ್ಟ್ ಬಿಡುತ್ತೇನೆ. ಆಗಲೂ ಕಾಣದಿದ್ದರೆ ಕತ್ತರಿ ಕೆಳಗಿಟ್ಟು, ಇನ್ನೊಬ್ಬ ಸರ್ಜನ್ನನ್ನು ಥಿಯೇಟರಿಗೆ ಕರೆಸುತ್ತೇನೆ.