ಹುರಿಹಿಟ್ಟು ಕಟ್ಟಿಕೊಂಡು ಸೊಂಗ್-ಕೋಲ್ ಸರೋವರಕ್ಕೆ ಕುದುರೆ ಸವಾರಿ

"ಮಾಂಸ ತಿನ್ನದವಳು ಕಿರ್ಗಿಸ್ತಾನದಲ್ಲಿ ದಿನಗಟ್ಟಲೆ ಕುದುರೆ ಮೇಲಾ? ಸುಮ್ನೆ ಹೋಗಮ್ಮ" ಅಂತ ನಮ್ಮ ಟ್ರೆಕ್ಕಿಂಗ್ ಗುಂಪಿನವರು ನಕ್ಕಿದ್ದರು. ಮೊದಲ ಸಲ ಅವರು ಹೇಳಿದ ಹಾಗೇ ಆಯಿತು. ರಾಜಧಾನಿ ಬಿಷ್ಕೆಕ್‌ನಲ್ಲಿ ಒಂದು ಏಜೆನ್ಸಿಗೆ 3 ದಿನಕ್ಕೆ 40 ಸಾವಿರ ಚಿಲ್ಲರೆ ಸೋಮ್ ಸುರಿದೆ. ಸೋಮ್ ಅಂದ್ರೆ ಹೆಚ್ಚುಕಡಿಮೆ ನಮ್ಮ ರೂಪಾಯಿಯೇ, ಹಾಗಾಗಿ ಹೊಟ್ಟೆಯುರಿ ಲೆಕ್ಕ ಹಾಕೋದು ಸುಲಭ. ಮೊದಲ ದಿನವೇ 6 ತಾಸು ಸವಾರಿ, ತೊಡೆಯ ಚರ್ಮ ಸುಲಿದು ಹೋಯಿತು. ಸಾಲದು ಅಂತ ಖಾಲಿ ಹೊಟ್ಟೆಯಲ್ಲಿ 2 ಬಟ್ಟಲು ಕುಮಿಸ್ ಕುಡಿದೆ. ಹುಳಿ ಬಂದ ಕುದುರೆ ಹಾಲು, ಕೇಳಬೇಕಾ? ಜುಲೈ ತಿಂಗಳಲ್ಲಿ ಆಲಿಕಲ್ಲು ಬೀಳುತ್ತಿದ್ದರೆ ನಾನು ರಾತ್ರಿಯೆಲ್ಲ ಯುರ್ತ್ ಅನ್ನೋ ಉಣ್ಣೆ ಗುಡಾರದ ಹೊರಗೇ ಓಡಾಡಿದೆ. ಮರುದಿನ ಜೀಪ್ ಹತ್ತಿ ಬೆಟ್ಟ ಇಳಿದೆ. ಒಂದು ಪೈಸೆ ವಾಪಸ್ ಬರಲಿಲ್ಲ.

ಎರಡನೇ ಸಲ ಏಜೆನ್ಸಿಯ ಸಹವಾಸವೇ ಬೇಡ ಅಂತ ಕೊಚ್ಕೋರ್ ಅನ್ನೋ ಊರಿಗೆ ಶೇರ್ ಟ್ಯಾಕ್ಸಿ ಹಿಡಿದು, ಅಲ್ಲಿಂದ ಕಿಜಾರ್ತ್ ಹಳ್ಳಿಗೆ ಹೋಗಿ, ಕುದುರೆ ಸಾಕಿದ ಮನೆಯಲ್ಲೇ ಕೂತು ಮಾತಾಡಿದೆ. ಯಾವ ಮನೆ ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರಲಿ. ನನ್ನ ಕುದುರೆಗೆ ದಿನಕ್ಕೆ 1,500, ದಾರಿ ತೋರಿಸೋ ಹುಡುಗ ಮತ್ತು ಅವನ ಕುದುರೆಗೆ 3,000 ಸೋಮ್ ಇದ್ದಿರಬೇಕು. ಊಟ, ಯುರ್ತ್ ಎಲ್ಲ ಸೇರಿ 25 ಸಾವಿರದೊಳಗೆ ಮುಗಿಯಿತು.

ಗುಟ್ಟು ಇರೋದು ಮೊದಲ ಎರಡು ದಿನದಲ್ಲಿ. ಬೆಟ್ಟ ಹತ್ತಲೇ ಇಲ್ಲ, ಊರ ಸುತ್ತ ದಿನಕ್ಕೆ 2 ತಾಸು ಅಷ್ಟೇ. ರಿಕಾಪು, ಅಂದ್ರೆ ಕಾಲಿಡೋ ಬಳೆ, ಅದರ ಪಟ್ಟಿಯನ್ನು ಎರಡು ತೂತು ಇಳಿಸಿದೆ, ಮಂಡಿ ನೋವು ಹೋಯಿತು. ಜೀನಿನ ಮೇಲೆ ದಪ್ಪ ಹಾಸು, ಒಳಗೆ ಸೈಕಲ್‌ನವರ ಚಡ್ಡಿ. "ಚು" ಅಂದ್ರೆ ಹೊರಡುತ್ತಿದ್ದ ಕುದುರೆ ಹುಲ್ಲು ಕಂಡರೆ ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ.

ಸೊಂಗ್-ಕೋಲ್ ಸರೋವರ 3,000 ಮೀಟರ್ ಮೇಲಿದೆ. ಮರವೇ ಇಲ್ಲ, ಒಲೆಗೆ ಒಣಗಿದ ಸಗಣಿ. ಆ ಹೊಗೆಯ ವಾಸನೆಗೆ ನಮ್ಮೂರ ಬಚ್ಚಲ ಒಲೆ ನೆನಪಾಯಿತು.

ಊಟಕ್ಕೆ ಬ್ರೆಡ್ಡು, ಕಾಯ್ಮಾಕ್ ಅನ್ನೋ ಕೆನೆ, ಜೊತೆಗೆ ನಾನು ಒಯ್ದಿದ್ದ ಒಂದೂವರೆ ಕಿಲೋ ಹುರಿಹಿಟ್ಟು. ಅದನ್ನು ಕುಮಿಸ್‌ನಲ್ಲಿ ಕಲಸಿ ನೋಡಿದೆ, ದಂಡ. ಆದರೆ ಕುರುತ್ ಅಂತ ಒಣಗಿಸಿದ ಮೊಸರಿನ ಉಂಡೆ ಸಿಗುತ್ತಲ್ಲ, ಅದನ್ನು ಕುಟ್ಟಿ ಬಿಸಿನೀರಿಗೆ ಹಾಕಿ ಜೀರಿಗೆ-ಮೆಣಸಿನ ಪುಡಿ ಉದುರಿಸಿದರೆ ಥೇಟ್ ಮಜ್ಜಿಗೆ ಸಾರು! ಉಪ್ಪು ಮಾತ್ರ ಹಾಕಬೇಡಿ, ಅದರಲ್ಲೇ ಜಾಸ್ತಿ ಇರುತ್ತೆ.

ಯುರ್ತಿನ ಅಜ್ಜಿ ನನ್ನ ಹಿಟ್ಟನ್ನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು "ತಾಲ್ಕಾನ್" ಅಂದರು. ಅವರ ಹುರಿಹಿಟ್ಟಿನ ಹೆಸರು ಅದು. ಉಳಿದಿದ್ದನ್ನೆಲ್ಲ ಅವರಿಗೇ ಕೊಟ್ಟು ಬಂದೆ. ಬದಲಿಗೆ ಕೊಟ್ಟ ಕುರುತ್ ಇನ್ನೂ ಡಬ್ಬಿಯಲ್ಲಿದೆ, ಕಲ್ಲಿನ ಹಾಗೆ.