ರೀಚ್ ನಿಯಮ: ರಾಸಾಯನಿಕಗಳ ತಯಾರಕರು ಮತ್ತು ಆಮದುದಾರರು ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕು?

ಐರೋಪ್ಯ ಒಕ್ಕೂಟದಲ್ಲಿ 2007ರ ಜೂನ್ 1ರಂದು ಜಾರಿಗೆ ಬಂದ ರೀಚ್ (ರಾಸಾಯನಿಕಗಳ ನೋಂದಣಿ, ಮೌಲ್ಯಮಾಪನ, ಅನುಮತಿ ಮತ್ತು ನಿರ್ಬಂಧ) ನಿಯಮವು ರಾಸಾಯನಿಕ ಸುರಕ್ಷತೆಯ ಹೊಣೆಯನ್ನು ಸರ್ಕಾರಗಳಿಂದ ಉದ್ಯಮದ ಹೆಗಲಿಗೆ ವರ್ಗಾಯಿಸಿತು. ವಸ್ತುವನ್ನು ಸುರಕ್ಷಿತವಾಗಿ ಬಳಸಬಹುದೆಂದು ಮಾಹಿತಿಸಹಿತ ತೋರಿಸಬೇಕಾದವರು ಅದನ್ನು ತಯಾರಿಸುವವರು ಅಥವಾ ಒಕ್ಕೂಟದೊಳಕ್ಕೆ ತರಿಸಿಕೊಳ್ಳುವವರು. ತಾವು ಕೇವಲ ಕೊಂಡು ಮಾರುವವರೆಂದು ಭಾವಿಸುವ ಆಮದುದಾರರು ಇಲ್ಲಿಯೇ ಎಡವುತ್ತಾರೆ.

ಮೊದಲ ಕೆಲಸ ತೂಕದ ಲೆಕ್ಕ. ಒಂದು ಸಂಸ್ಥೆ ವರ್ಷಕ್ಕೆ ಒಂದು ಟನ್ ಅಥವಾ ಅದಕ್ಕಿಂತ ಹೆಚ್ಚು ತಯಾರಿಸುವ ಇಲ್ಲವೇ ಆಮದು ಮಾಡಿಕೊಳ್ಳುವ ಪ್ರತಿಯೊಂದು ವಸ್ತುವನ್ನೂ ನೋಂದಾಯಿಸಬೇಕು. ಈ ಲೆಕ್ಕ ಪೀಪಾಯಿಗಳದ್ದಲ್ಲ, ಅವುಗಳೊಳಗಿನ ಒಂದೊಂದು ವಸ್ತುವಿನದು. ವರ್ಷಕ್ಕೆ 40 ಟನ್ ಬಣ್ಣ ತರಿಸುವವರಿದ್ದಾರೆಂದುಕೊಳ್ಳೋಣ. ಅದರಲ್ಲಿ ಶೇ. 5ರಷ್ಟಿರುವ ದ್ರಾವಕ 2 ಟನ್ ಆಗುವುದರಿಂದ ನೋಂದಣಿ ಬೇಕು, ಶೇ. 2ರಷ್ಟಿರುವ ವರ್ಣದ್ರವ್ಯ 0.8 ಟನ್ ಮಾತ್ರವಾದ್ದರಿಂದ ಬೇಡವೆನಿಸುತ್ತದೆ. ಆದರೆ ಅದೇ ಸಂಸ್ಥೆ ತರಿಸುವ ಮುದ್ರಣ ಶಾಯಿಯಲ್ಲಿ ಅದೇ ವರ್ಣದ್ರವ್ಯ 0.3 ಟನ್ ಇದ್ದರೆ ಮೊತ್ತ 1.1 ಟನ್‌ಗೆ ಏರಿ ನೋಂದಣಿ ಕಡ್ಡಾಯವಾಗುತ್ತದೆ. ಆದ್ದರಿಂದ ಪೂರೈಕೆದಾರರಿಂದ ಪ್ರತಿ ಮಿಶ್ರಣದ ಘಟಕಗಳ ಹೆಸರು, ಕ್ಯಾಸ್ ಸಂಖ್ಯೆ (ಪ್ರತಿ ರಾಸಾಯನಿಕಕ್ಕೂ ಕೊಟ್ಟಿರುವ ಗುರುತಿನ ಸಂಖ್ಯೆ) ಮತ್ತು ಶೇಕಡಾವಾರು ಪ್ರಮಾಣವನ್ನು ಖರೀದಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಪಡೆಯಿರಿ. ಸರಕು ಬಂದರಿಗೆ ಬಂದ ಮೇಲೆ ಕೇಳಿದರೆ ಉತ್ತರ ತಡವಾಗಿ ಬರುತ್ತದೆ.

ಒಂದು ಟನ್‌ಗಿಂತ ಕಡಿಮೆ ಎಂಬ ಕಾರಣಕ್ಕೆ ನಿಶ್ಚಿಂತರಾಗುವಂತಿಲ್ಲ. ನಿರ್ಬಂಧಿತ ವಸ್ತುಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ. ಉದಾಹರಣೆಗೆ, ಆಭರಣದ ಯಾವುದೇ ಬಿಡಿಭಾಗದಲ್ಲಿ ಸೀಸವು ತೂಕದ ಶೇ. 0.05 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಅದನ್ನು ಮಾರುವಂತಿಲ್ಲ.

ನೋಂದಣಿ ಬೇಕೆಂದು ಖಚಿತವಾದ ಮೇಲೆ ಹೆಲ್ಸಿಂಕಿಯಲ್ಲಿರುವ ಐರೋಪ್ಯ ರಾಸಾಯನಿಕ ಸಂಸ್ಥೆಗೆ ವಿಚಾರಣಾ ಅರ್ಜಿ ಸಲ್ಲಿಸಿ. ಅದೇ ವಸ್ತುವನ್ನು ಈಗಾಗಲೇ ನೋಂದಾಯಿಸಿದವರ ವಿವರ ಅಲ್ಲಿ ದೊರೆಯುತ್ತದೆ, ಮತ್ತು ಅವರ ಪರೀಕ್ಷಾ ವರದಿಗಳನ್ನು ನ್ಯಾಯವಾದ ಪಾಲು ಕೊಟ್ಟು ಬಳಸಿಕೊಳ್ಳಬಹುದು. ಕಶೇರುಕ ಪ್ರಾಣಿಗಳ ಮೇಲಿನ ಪರೀಕ್ಷೆಯು ಕಟ್ಟಕಡೆಯ ದಾರಿಯಾಗಿರಬೇಕೆಂದು ನಿಯಮ ಹೇಳುತ್ತದೆ. ಈಗಾಗಲೇ ಇರುವ ಮಾಹಿತಿಗಾಗಿ ಮತ್ತೆ ಪ್ರಾಣಿಗಳನ್ನು ಹಿಂಸಿಸದಂತೆ ತಡೆಯುವ ಈ ಅಂಶ ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತ್ಯಂತ ಮಾನವೀಯ ಭಾಗ. ಪ್ರಮಾಣವು 10 ಟನ್ ಮುಟ್ಟಿದರೆ ರಾಸಾಯನಿಕ ಸುರಕ್ಷತಾ ವರದಿಯೂ ಬೇಕಾಗುತ್ತದೆ. 100 ಮತ್ತು 1000 ಟನ್‌ಗಳಲ್ಲಿ ಪರೀಕ್ಷೆಗಳ ಪಟ್ಟಿ ಮತ್ತಷ್ಟು ಬೆಳೆಯುತ್ತದೆ.

ಒಕ್ಕೂಟದ ಹೊರಗಿನ ತಯಾರಕರು ನೇರವಾಗಿ ನೋಂದಾಯಿಸಲಾರರು. ಅವರು ಒಕ್ಕೂಟದೊಳಗೆ ಒಬ್ಬ ಏಕೈಕ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು. ಆಗ ಆಮದುದಾರರಿಗೆ ನೋಂದಣಿಯ ಹೊರೆ ತಪ್ಪುತ್ತದೆಯಾದರೂ, ತಾವು ತರಿಸುವ ಪ್ರಮಾಣ ಆ ನೋಂದಣಿಯಡಿ ಬರುತ್ತದೆಂಬ ಲಿಖಿತ ದೃಢೀಕರಣವನ್ನು ಪಡೆದಿಟ್ಟುಕೊಳ್ಳುವುದು ಅಗತ್ಯ. ಬಾಯಿಮಾತಿನ ಭರವಸೆ ತಪಾಸಣೆಯ ದಿನ ನೆರವಿಗೆ ಬಾರದು.

ಸೈಕಲ್, ಆಭರಣದಂತಹ ಸಿದ್ಧವಸ್ತುಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ತೀವ್ರ ಕಳವಳದ ವಸ್ತುಗಳ (ಆರೋಗ್ಯಕ್ಕೆ ಅಥವಾ ಪರಿಸರಕ್ಕೆ ಗಂಭೀರ ಹಾನಿ ಮಾಡಬಲ್ಲವೆಂದು ಗುರುತಿಸಿದವುಗಳ) ಅಭ್ಯರ್ಥಿ ಪಟ್ಟಿಯಲ್ಲಿರುವ ಯಾವುದಾದರೂ ರಾಸಾಯನಿಕ ತೂಕದ ಶೇ. 0.1ನ್ನು ಮೀರಿದರೆ ವ್ಯಾಪಾರಿ ಗ್ರಾಹಕರಿಗೆ ತಾವಾಗಿಯೇ, ಸಾಮಾನ್ಯ ಬಳಕೆದಾರರು ಕೇಳಿದರೆ 45 ದಿನಗಳೊಳಗೆ ಉಚಿತವಾಗಿ, ಮಾಹಿತಿ ನೀಡಬೇಕು. ಈ ಶೇಕಡಾವಾರನ್ನು ಇಡೀ ಸೈಕಲ್ಲಿನ ತೂಕದ ಮೇಲಲ್ಲ, ಹಿಡಿಯಂತಹ ಪ್ರತಿ ಬಿಡಿಭಾಗದ ಮೇಲೆ ಎಣಿಸಬೇಕೆಂಬ ತತ್ವವನ್ನು ಐರೋಪ್ಯ ನ್ಯಾಯಾಲಯ 2015ರಲ್ಲಿ ಸ್ಪಷ್ಟಪಡಿಸಿತು.

ಅಪಾಯಕಾರಿ ವಸ್ತುಗಳೊಂದಿಗೆ ಹೋಗುವ 16 ವಿಭಾಗಗಳ ಸುರಕ್ಷತಾ ಮಾಹಿತಿ ಪತ್ರವನ್ನು ಒಮ್ಮೆ ಬರೆದು ಮರೆಯಬಾರದು. ಹೊಸ ಅಪಾಯ ತಿಳಿದುಬಂದಾಗ ಅಥವಾ ಹೊಸ ನಿರ್ಬಂಧ ಬಂದಾಗ ಅದನ್ನು ತಿದ್ದಿ, ಹಿಂದಿನ 12 ತಿಂಗಳಲ್ಲಿ ಆ ಸರಕು ಪಡೆದ ಎಲ್ಲರಿಗೂ ಕಳುಹಿಸಬೇಕಾಗುತ್ತದೆ. ಹಾಗಾಗಿ ಯಾರಿಗೆ, ಎಂದು, ಎಷ್ಟು ಮಾರಿದಿರೆಂಬ ಲೆಕ್ಕವನ್ನು ವಸ್ತುವಾರು ಬರೆದಿಡಿ, ಮತ್ತು ಕೊನೆಯ ಬಾರಿ ಆ ವಸ್ತುವನ್ನು ತಯಾರಿಸಿದ, ತರಿಸಿದ, ಪೂರೈಸಿದ ಅಥವಾ ಬಳಸಿದ ದಿನದಿಂದ ಕನಿಷ್ಠ 10 ವರ್ಷ ಸಂಬಂಧಿತ ದಾಖಲೆಗಳನ್ನು ಕಾಪಾಡಿ.